ಭಾವನ ಬದಲು ಊದಿದವನು

ಮಾನ್ಯ ಡಿಪೋ ಮ್ಯಾನೇಜರ್ ಸಾಹೇಬರಿಗೆ,

ಹನ್ನೊಂದನೇ ನಂಬರ್ ಬಸ್ಸಿನ ಕಂಡಕ್ಟರನ ನಮಸ್ಕಾರ. ನಮ್ಮ ಡ್ರೈವರ್ ನನ್ನ ಅಕ್ಕನ ಗಂಡ. ಕುಡಿದಿದ್ದಾರೋ ಇಲ್ಲವೋ ಎಂದು ನೋಡುವ ಯಂತ್ರಕ್ಕೆ ಎಂಟು ತಿಂಗಳಿಂದ ಅವರ ಬದಲು ನಾನೇ ಊದುತ್ತಿದ್ದೇನೆ. ಸೊನ್ನೆ ಬಂದರೆ ಸಾಕು, ಊದಿದವರು ಯಾರೆಂದು ಗೇಟಿನವರು ನೋಡುವುದಿಲ್ಲ.

ಮೊದಲು ಭಾವ ವಾಸನೆ ಮುಚ್ಚಲು ಏಲಕ್ಕಿ ಅಗಿಯುತ್ತಿದ್ದರು. ಆಮೇಲೆ ಕೀ ತಿರುಗಿಸಲು ಎರಡೂ ಕೈ ಬೇಕಾಯಿತು. “ಇವತ್ತೊಂದಿನ ಊದಿಬಿಡೋ, ನಾಳೆಯಿಂದ ಮುಟ್ಟಲ್ಲ” ಅನ್ನುತ್ತಾರೆ, ದಿನಾ.

ನಿನ್ನೆ ಶಾಲೆಯ ಸ್ಟಾಪಿನಲ್ಲಿ ನಾನು ಎಷ್ಟು ವಿಶಲ್ ಹೊಡೆದರೂ ಬಸ್ಸು ನಿಲ್ಲಲಿಲ್ಲ. ಹತ್ತಲು ಮುಂದೆ ಬಂದಿದ್ದ ಮಕ್ಕಳು ಹಿಂದಕ್ಕೆ ಹಾರಿ ಜೀವ ಉಳಿಸಿಕೊಂಡರು.

ಸಾಕಾಗಿದೆ ಸಾಹೇಬರೇ. ನನ್ನನ್ನು ಬೇಕಾದರೆ ಮನೆಗೆ ಕಳಿಸಿ, ಭಾವನನ್ನು ಕುಡಿತ ಬಿಡಿಸುವ ಆಸ್ಪತ್ರೆಗೆ ಕಳಿಸಿ. ಅಕ್ಕನಿಗೆ ನಾನೇ ಹೇಳುತ್ತೇನೆ.

ನಾಳೆ ನೀವೇ ನಿಂತು ಅವರಿಂದಲೇ ಊದಿಸಿ. ನನಗೆ ರಜೆ ಕೊಡಿ. ನಾನು ಎದುರಿಗಿದ್ದು ಭಾವ ಕೇಳಿದರೆ, ಮತ್ತೆ ಊದಿಬಿಡುತ್ತೇನೆ.

ಇಂತಿ,
ನಿಮ್ಮ ಕಂಡಕ್ಟರ್