ನಾಣ್ಯ ತೊಳೆದವನು

ಕಾಕಾ,

ನೀವು ಮೆಲ್ಬೋರ್ನ್ ಬದಿಯ ಕ್ರೇಗಿಬರ್ನ್‌ನಿಂದ ಸಿಡ್ನಿಗೆ, ನಮ್ಮ ಸ್ಕೋಫೀಲ್ಡ್ಸ್ ಮನೆಗೆ ಬಂದ ದಿನ, ಚಹಾ ಕುಡಿಯುವ ಮೊದಲೇ ಅಂಗಿಯ ಜೇಬಿನಿಂದ ಆ ರೋಮನ್ ಬೆಳ್ಳಿ ನಾಣ್ಯ ತೆಗೆದಿರಿ. ಧಾರವಾಡದಲ್ಲಿ ಇತಿಹಾಸ ಓದಿ, ಮೆಲ್ಬೋರ್ನ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದ ನಿಮಗೆ ಇದ್ದದ್ದು ಹಳೆಯ ನಾಣ್ಯ ಕೂಡಿಸುವ ಚಟವೊಂದೇ. ನನ್ನ ಎಂಟು ವರ್ಷದ ಮಗಳು ಅನ್ವಿಯ ಅಂಗೈಯಲ್ಲಿಟ್ಟು, "ನೋಡವ್ವಾ, ಕುದ್ರಿ ಮ್ಯಾಲೆ ಅವಳಿ ಅಣ್ಣತಮ್ಮಂದಿರು, ನಮ್ಮ ಅಶ್ವಿನಿ ದೇವತೆಗಳಂಗ. ತಲಿ ಮ್ಯಾಲೆ ಒಂದೊಂದು ಚಿಕ್ಕಿ ಅದಾವ, ಕಾಣಸ್ತಾವೇನು?" ಎಂದಿರಿ. ಅವಳು "ಸೋ ಟೈನಿ!" ಎಂದಾಗ ನೀವು ನಕ್ಕ ನಗು... ಶಾಲೆಯಲ್ಲಿ ತೋರಿಸಲೆಂದು ಅದನ್ನು ಅವಳ ಬಳಿಯೇ ಬಿಟ್ಟುಹೋದಿರಿ.

ಮರುದಿನ ಬೆಳಿಗ್ಗೆ ಅದು ನನ್ನ ಕಣ್ಣಿಗೆ ಬರೀ ಕಪ್ಪಾಗಿ ಕಂಡಿತು. ಕ್ಲಾಸಿನ ಮುಂದೆ ನನ್ನ ಮಗಳು ಇಂಥ ಕೊಳಕು ಬಿಲ್ಲೆ ಹಿಡಿದು ನಿಲ್ಲುವುದೇ? ಹಬ್ಬಕ್ಕೆ ಬೆಳ್ಳಿ ಬೆಳಗುವ ಪುಡಿ ಹಾಕಿ, ಹಳೆಯ ಬ್ರಷ್‌ನಿಂದ ಗಸಗಸ ತಿಕ್ಕಿದೆ. ಹೊಳೆಯಿತು ಕಾಕಾ, ಹೊಸ ಚಮಚದ ಹಾಗೆ. ಒರೆಸಿ ನೋಡಿದರೆ ಕುದುರೆಗಳ ಕಾಲು ಮಸುಕು, ನಕ್ಷತ್ರಗಳು ಇಲ್ಲವೇ ಇಲ್ಲ.

ಮುಂದಿನ ತಿಂಗಳು ನೀವು ಬಂದು ಭೂತಗನ್ನಡಿ ಹಿಡಿದು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. "ಯಾರು ತೊಳದ್ರೋ ಇದನ್ನ?" ನಿಜ ಹೇಳಲು ಎಷ್ಟು ಹೊತ್ತು ಬೇಕಿತ್ತು? "ಅನ್ವಿ, ಕಾಕಾ... ಸಣ್ಣಾಕಿ, ತಿಳೀಲಿಲ್ಲ ಆಕಿಗೆ" ಎಂದುಬಿಟ್ಟೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಮಾತಾಡುವುದು ಇಂಗ್ಲಿಷ್ ಆದರೂ ಕನ್ನಡ ಪೂರಾ ಅರ್ಥವಾಗುತ್ತದೆ. ನೀವು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇರ್ಲಿ ಬಿಡವ್ವಾ. ಆ ಕಪ್ಪು ಹೊಲಸಲ್ಲ. ಎರಡು ಸಾವಿರ ವರ್ಷ ಚಿತ್ರಾನ ಕಾಯ್ದದ್ದೇ ಅದು" ಎಂದು ಸಮಾಧಾನ ಹೇಳಿದಿರಿ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಫೋನ್ ನೋಡುತ್ತಿದ್ದೆ.

ಆಮೇಲೆ ನಿಮ್ಮ ಕರೆ ಬಂದಾಗಲೆಲ್ಲ ಅವಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಕೂಸು ನನ್ನ ಮ್ಯಾಲೆ ಸಿಟ್ಟಾಗೇದೇನೋ?" ಎಂದು ಕೇಳಿದಿರಿ. ಹೋಮ್‌ವರ್ಕ್ ಇದೆ ಎಂದೆ. ಎಷ್ಟು ಸಲ ಹಾಗೆಂದೆನೋ...

ನೀವು ತೀರಿಕೊಂಡ ಹನ್ನೆರಡನೆಯ ದಿನ ನಿಮ್ಮ ಕ್ರೇಗಿಬರ್ನ್ ಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ನಿಮ್ಮ ಮನೆಯಾಕೆ, ನಮ್ಮ ಕಾಕುವಿನ ಎದುರು ಹೇಳಿದೆ: "ಆ ನಾಣ್ಯ ತೊಳದಾಂವ ನಾನು." ಕಾಕು ಸಾರಿನ ಸೌಟು ಕೆಳಗಿಟ್ಟರು. ಅನ್ವಿ ಎದ್ದು ನಿಂತಳು.

"ಅಪ್ಪಾ, ಅಜ್ಜ ಡೈಡ್ ಥಿಂಕಿಂಗ್ ಇಟ್ ವಾಸ್ ಮಿ."

ನಾಳೆ ಈ ಕಾಗದವನ್ನು ಅವಳ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ. ಒಂದು ಸಾಲೂ ಬಿಡುವುದಿಲ್ಲ. ಅವಳು ಎದ್ದು ಹೋದರೂ ಓದಿ ಮುಗಿಸುತ್ತೇನೆ, ಕಾಕಾ.