ಕೈಯಿಂದ ಕೈಗೆ

ಮಾರ್ಚ್ 19, ಸಂಜೆ
ಪೆಸಾಖ್ ಹಬ್ಬಕ್ಕೆ ಮನೆ ತೊಳೆಯುವ ಕೆಲಸ. ನಮ್ಮ ಯೆಹೂದಿ ಮನೆಗಳಲ್ಲಿ ಆಗ ಬ್ರೆಡ್ಡಿನ ಒಂದು ಚೂರೂ ಉಳಿಯುವಂತಿಲ್ಲ. ಮೇಲಿನ ಕಪಾಟಿನಲ್ಲಿ ಬ್ರೆಡ್ಡಿನ ಚೂರು ಇರಬಹುದೆಂದು ಸ್ಟೂಲ್ ಹತ್ತಿದೆ. ಜಾರಿದೆ. ನನ್ನ ಗಂಡ ಝೂಸ್ಯ ಕೆಳಗೇ ನಿಂತಿದ್ದರು. ಎರಡೂ ಕೈ ಚಾಚಿದರು... ನಾನು ಮುಟ್ಟಾಗಿರುವುದು ನೆನಪಾಯಿತು, ಎಳೆದುಕೊಂಡರು. ನಾನು ದೊಪ್ಪನೆ ನೆಲಕ್ಕೆ. ಎಡಗೈ ಮೂಳೆ ಬಿರುಕು. ಮೊಣಕೈವರೆಗೆ ಪ್ಲಾಸ್ಟರ್, ಆರು ವಾರ. ಆಸ್ಪತ್ರೆಯಲ್ಲಿ ಅತ್ತವರು ಅವರು. ನಾನಲ್ಲ.

ಮಾರ್ಚ್ 21
ಚಹಾ ಮಾಡುತ್ತಾರೆ, ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಆಮೇಲೆ ನಾನು ಎತ್ತಿಕೊಳ್ಳಬೇಕು. ಈ ದಿನಗಳಲ್ಲಿ ಕೈಯಿಂದ ಕೈಗೆ ಏನೂ ಕೊಡುವಂತಿಲ್ಲ. ನನ್ನ ಅಂಗಿಯ ಗುಂಡಿ ಹಾಕಲು ಎದುರು ಮನೆಯ ಫ್ರೇಡೆಲ್ ಬರುತ್ತಾಳೆ.
"ಏನೇ ಪೆರ್ಲ, ನಿನ್ ಗಂಡ ಒಳ್ಳೇ ದೀಪದ ಕಂಬ ನಿಂತಂಗೆ ನಿಂತವ್ನಲ್ಲ!"

ಮಾರ್ಚ್ 23
ಇಬ್ಬರೂ ನಮ್ಮ ಗುರು ರಬ್ಬಿಯ ಬಳಿ ಹೋದೆವು. ಝೂಸ್ಯ ತಲೆ ತಗ್ಗಿಸಿ ಎಲ್ಲ ಹೇಳಿದರು.
"ಬೀಳೋಳನ್ನ ಹಿಡೀಬಾರ್ದು ಅಂತ ಯಾರಯ್ಯಾ ಹೇಳ್ಕೊಟ್ಟಿದ್ದು ನಿಂಗೆ? ನಾನಂತೂ ಅಲ್ಲ!"
ಒಳಗೊಳಗೇ ನಕ್ಕೆ. ಆಮೇಲೆ ನನ್ನ ಪ್ರಶ್ನೆ — ಮುಟ್ಟು ಕಳೆದ ಮೇಲೆ ಶುದ್ಧಿಗೆಂದು ಮುಳುಗುವ ಮಿಕ್ವೆ ಕೊಳದಲ್ಲಿ ಪ್ಲಾಸ್ಟರ್ ಹಾಕಿಕೊಂಡೇ ಮುಳುಗಬಹುದೇ? ಆಗದು ಎಂದರು. ನೀರು ಮೈಯೆಲ್ಲ ತಾಗಬೇಕು.
"ಡಾಕ್ಟರ್ ಬಿಚ್ಚಿದ್ರೆ ಸರಿ ಕಣಮ್ಮಾ. ಇಲ್ಲಾಂದ್ರೆ ಕಾಯ್ಬೇಕು. ಅವಸರ ಮಾಡಿ ಕೈ ಕೆಡಿಸ್ಕೊಂಡ್ರೆ ಬೈತೀನಿ."
ನಗು ಅಲ್ಲೇ ನಿಂತಿತು. ಮುಳುಗುವವರೆಗೆ ಮುಟ್ಟುವಂತಿಲ್ಲ.

ಮಾರ್ಚ್ 28
ಮುಟ್ಟು ನಿಂತ ಮೇಲೆ ಎಣಿಸುವ ಏಳು ಶುದ್ಧ ದಿನಗಳು ಮುಗಿದವು. ಇವತ್ತು ಮುಳುಗಬೇಕಿತ್ತು. ಮಿಕ್ವೆಯ ಚೀಲ ಬಾಗಿಲ ಹಿಂದೆಯೇ ನೇತಾಡುತ್ತಿದೆ. ಯಾರೂ ಓದದ ಪುಸ್ತಕ ಇದು, ಬರೆದೇಬಿಡುತ್ತೇನೆ. ಆ ಪೆದ್ದು ಮನುಷ್ಯನ ಕೈ ಹಿಡಿಯಬೇಕು ನನಗೆ. ಅಷ್ಟೇ.

ಏಪ್ರಿಲ್ 2, ಮಧ್ಯಾಹ್ನ
ಡಾಕ್ಟರ್ ಲರಿಸಾ ಎಕ್ಸ್‌ರೇ ನೋಡಿ, ಮೂಳೆ ಎಣಿಸಿದ್ದಕ್ಕಿಂತ ಬೇಗ ಕೂಡುತ್ತಿದೆ ಎಂದು ಖುಷಿಪಟ್ಟರು. ಪ್ಲಾಸ್ಟರ್ ಕತ್ತರಿಸಿ ತೆಗೆದು, ಬೇಕಾದಾಗ ಬಿಚ್ಚಬಹುದಾದ ಪಟ್ಟಿ ಕಟ್ಟಿದರು.
"ಸ್ನಾನಕ್ಕೆ ಬಿಚ್ಕೋಬಹುದು. ಆದ್ರೆ ಯಾರಾದ್ರೂ ಕೈಗೆ ಆಸರೆ ಕೊಡ್ಬೇಕು. ಗಂಡ ಇದಾರಲ್ಲ, ಹಿಡ್ಕೊಳ್ಳಲಿ!"
ಝೂಸ್ಯ ಕಿವಿಯವರೆಗೆ ಕೆಂಪಾದರು. ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರ್‌ಗೆ ಏನೂ ಅರ್ಥವಾಗಲಿಲ್ಲ, ಪಾಪ.

ಅದೇ ದಿನ, ರಾತ್ರಿ
ಮುಳುಗಿ ಬಂದೆ!
ಮಿಕ್ವೆ ನೋಡಿಕೊಳ್ಳುವ ಬ್ರೈನಾ ಕೈಗೆ ಎಣ್ಣೆ ಸವರಿ, ಅಂಟಿದ್ದ ಪ್ಲಾಸ್ಟರಿನ ಹತ್ತಿಯ ಎಳೆಗಳನ್ನೆಲ್ಲ ತೆಗೆದು, ಸೋಪು ಹಾಕಿ ತೊಳೆದಳು. ತನ್ನ ಕೈಯನ್ನು ಮೊದಲು ಕೊಳದಲ್ಲಿ ಅದ್ದಿ, ನನ್ನ ಮಣಿಕಟ್ಟಿನ ಕೆಳಗೆ ಸಡಿಲವಾಗಿ ಇಟ್ಟಳು. ನಡುವೆ ನೀರು ಹೋಗಬೇಕಲ್ಲ.
"ಬಿಗಿಯಾಗಿ ಹಿಡಿಯಲ್ಲ, ಹಾಗಂತ ಬಿಡೋದೂ ಇಲ್ಲ. ಮುಳುಗು, ನನ್ನವ್ವ."
ಮೇಲೆ ಬಂದಾಗ "ಕೋಷರ್!" ಎಂದು ಕೂಗಿದಳು, ಅಂದರೆ ಮುಳುಗಿದ್ದು ಸರಿಯಾಯಿತು. ಆ ಶಬ್ದಕ್ಕೆ ಕಣ್ಣು ತುಂಬಿತು.
ಮನೆಗೆ ಬಂದರೆ ಚಹಾ ಸಿದ್ಧ. ಅಭ್ಯಾಸಬಲ... ಮೇಜಿನ ಮೇಲಿಟ್ಟು ಹಿಂದೆ ಸರಿದರು.
"ರೀ, ದೀಪದ ಕಂಬ! ಎತ್ಕೊಡಿ!"
ಎತ್ತಿಕೊಟ್ಟರು. ಅರ್ಧ ತಟ್ಟೆಗೇ ಚೆಲ್ಲಿತು. ಇಷ್ಟು ರುಚಿಯಾದ ಚಹಾ ಕುಡಿದೇ ಇಲ್ಲ.
ಈಗ ಪಕ್ಕದಲ್ಲೇ ಕುಳಿತಿದ್ದಾರೆ. ಬರೆದದ್ದು ಸಾಕಂತೆ, ಪೆನ್ನು ಕೊಡಬೇಕಂತೆ. ಮೇಜಿನ ಮೇಲೆ ಇಡಲೇ ಎಂದು ಕೇಳಿದೆ. ಬೇಡವಂತೆ. ಕೈಗೇ—