ಬರೆಯದೆ ಉಳಿದ ಹದಿನೆಂಟು ಉತ್ತರಗಳು

ಶಾಲಾ ಮಕ್ಕಳ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳಿಗೆ ಗೀಳು ಕಾಯಿಲೆಯ ಲಕ್ಷಣವೇ ಇಲ್ಲವೆಂದು ನಿಮ್ಮ ಪ್ರಶ್ನಾವಳಿ ಹೇಳಿತು. ಅದನ್ನು ನಂಬಿ ನಾವು ಎಂಟು ತಿಂಗಳು ಕಳೆದುಕೊಂಡೆವು. ಇದನ್ನು ಹೇಳಲು ನಾಲ್ಕು ಸಲ ನಿಮ್ಮ ಕಚೇರಿಗೆ ಬಂದೆ. ನಾಲ್ಕು ಸಲವೂ ತಾವು ಸಭೆಯಲ್ಲಿದ್ದಿರಿ. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ಕುಂದಾಣದ ಕಡೆಯ ಹಳ್ಳಿಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಮಗಳು ಕೀರ್ತನ ಆಗ ಒಂಬತ್ತನೇ ತರಗತಿ. ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತಿದ್ದಳು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದಳು. ಒಂದಕ್ಷರ ತಪ್ಪಿದರೂ ಅಪ್ಪನಿಗೆ ಏನೋ ಆಗಿಬಿಡುತ್ತದೆಂಬ ಭಯ ಅವಳೊಳಗಿದ್ದುದು ನಮಗೆ ತಿಳಿದಿರಲಿಲ್ಲ. ಶಾಲೆಗೆ ನಿಮ್ಮವರು ಬರುತ್ತಾರೆಂದಾಗ ಸಮಾಧಾನವಾಯಿತು.

ಇಪ್ಪತ್ತು ಪ್ರಶ್ನೆ, ಹದಿನೈದು ನಿಮಿಷ. ತಿಂಗಳ ನಂತರ ಬಂದ ವರದಿಯಲ್ಲಿ ‘ಲಕ್ಷಣಗಳಿಲ್ಲ’ ಎಂದಿತ್ತು. ಅದನ್ನು ಅವಳ ಮುಂದೆ ಹಿಡಿದು ನಾನೇ ಹೇಳಿದೆ: “ನೋಡು, ತಿಳಿದೋರೇ ಏನೂ ಇಲ್ಲ ಅಂದವ್ರೆ. ಇನ್ನು ಈ ಆಟ ಬಿಟ್ಬಿಡು.” ಅಂದಿನಿಂದ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಕೈ ತೊಳೆಯತೊಡಗಿದಳು. ವಾರ್ಷಿಕ ಪರೀಕ್ಷೆಯಲ್ಲಿ ಮೊದಲ ಪುಟ ದಾಟಲಾಗದೆ ಎದ್ದು ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದರು. “ಶಾಲೇಲಿ ಫಾರಂ ಕೊಟ್ಟಿದ್ರಂತಲ್ಲ, ಇದನ್ನೆಲ್ಲ ಅದರಲ್ಲಿ ಯಾಕಮ್ಮ ಬರೀಲಿಲ್ಲ?”

“ಬರೀಬೇಕು ಅಂತಾನೇ ಇದ್ದೆ ಮೇಡಂ. ಮೂರನೇ ಪ್ರಶ್ನೆ ಸರಿಯಾಗಿ ಓದಿದ್ನೋ ಇಲ್ವೋ ಅಂತ ಓದ್ತಾನೇ ಇದ್ದೆ. ಅಷ್ಟರಲ್ಲಿ ಹಾಳೆ ಇಸ್ಕೊಂಡ್ಬಿಟ್ರು.”

ಉಳಿದ ಹದಿನೆಂಟರ ಗತಿಯೇನೆಂದು ನಿಮ್ಮ ಗುಮಾಸ್ತರನ್ನು ಕೇಳಿದೆ. “ಖಾಲಿ ಬಿಟ್ರೆ ‘ಇಲ್ಲ’ ಅಂತ ತಗೋತೀವಮ್ಮ,” ಎಂದರು. ಎಂಥ ಅನುಕೂಲ! ಕಾಯಿಲೆಯೇ ಬರೆಯಗೊಡದ ಮಗು ನಿಮ್ಮಲ್ಲಿ ಎಲ್ಲರಿಗಿಂತ ಆರೋಗ್ಯವಂತೆ. ಇವಳೇಕೆ ಇಲ್ಲಿಗೇ ನಿಂತಳು ಎಂದು ಕೇಳುವವರು ಒಬ್ಬರೂ ಇರಲಿಲ್ಲವೇ? ಪ್ರಶ್ನಾವಳಿಯೇ ಬೇಡವೆನ್ನುತ್ತಿಲ್ಲ, ಬಾಯಿಬಿಟ್ಟು ಹೇಳಲಾರದ್ದನ್ನು ಬರೆದು ತಿಳಿಸಿದ ಮಕ್ಕಳೂ ಇದ್ದಾರು. ಆದರೆ ಹಾಳೆ ಒಟ್ಟುಮಾಡಿದಲ್ಲಿಗೇ ನಿಮ್ಮ ಕೆಲಸ ಮುಗಿಯಿತೇ?

ಚಿಕಿತ್ಸೆ ನಡೆದಿದೆ. ಮೊನ್ನೆ ಕೀರ್ತನ ಒಂದು ಪುಟವನ್ನು ಒಮ್ಮೆ ಮಾತ್ರ ಓದಿ ಮಗುಚಿದಳು. ಆಮೇಲೆ ಬಹಳ ಹೊತ್ತು ಅತ್ತಳು.

ಉತ್ತರ ಖಾಲಿ ಉಳಿದ ಹಾಳೆಗಳನ್ನೆಲ್ಲ ಹೊರತೆಗೆಸಿ. ಆ ಒಂದೊಂದು ಮಗುವಿನ ಪಕ್ಕದಲ್ಲೂ ತಿಳಿದವರೊಬ್ಬರನ್ನು ಕೂರಿಸಿ, ಅವಸರವಿಲ್ಲದೆ ಪ್ರಶ್ನೆಗಳನ್ನು ಕೇಳಿಸಿ. ಈ ತಿಂಗಳೊಳಗೇ ಆಗಲಿ. ಅವರ ಮನೆಗಳಲ್ಲೂ ಯಾರೋ ನಿಮ್ಮ ವರದಿ ತೋರಿಸಿ ಗದರುತ್ತಿರಬಹುದು.

ಇಂತಿ,
ಮಗಳಿಗಿಂತ ನಿಮ್ಮನ್ನೇ ಹೆಚ್ಚು ನಂಬಿದ ತಾಯಿ,
ಪವಿತ್ರ